ಪುಟ್ಟನ ರಜೆಗೆ ಯಾವ ಗೇಮ್ ಕೊಡಿಸೋದು: ಅಕ್ಕನಿಗೊಂದು ಉದ್ದ ವಾಯ್ಸ್ ಮೆಸೇಜ್

ಅಕ್ಕಾ, ಬೆಳಗ್ಗೆ ನೀನು ಗ್ರೂಪಲ್ಲಿ ಹಾಕಿದ್ದನ್ನ ಈಗ ನೋಡ್ದೆ. ಟೈಪ್ ಮಾಡ್ತಾ ಕೂತ್ರೆ ಇವತ್ತಿಗೆ ಮುಗಿಯಲ್ಲ, ಅದಕ್ಕೆ ಮಾತಾಡಿ ಕಳಿಸ್ತಿದೀನಿ. ಉದ್ದ ಆಗುತ್ತೆ, ಕೆಲಸ ಮಾಡ್ಕೊಂಡೇ ಕೇಳು. ಪುಟ್ಟಂದು ಎಸ್ಸೆಸ್ಸೆಲ್ಸಿ ಮುಗೀತು, ನಾಲ್ಕು ಸಾವಿರದ ಗೇಮ್ ಬೇಕು ಅಂತ ಹಿಡಿದು ಕೂತಿದಾನೆ, ಮನೇಲಿರೋದು ಭಾವನ ಹಳೇ ಆಫೀಸ್ ಲ್ಯಾಪ್‌ಟಾಪು, ಏನು ಮಾಡ್ಲಿ ಅಂತ ಕೇಳಿದೀಯ. ಕೆಳಗೆ ಭಾವ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ರೆ ಎಷ್ಟಾಗುತ್ತೆ ಅಂತ ಕೇಳಿದಾರೆ. ಚಿಕ್ಕಪ್ಪ, "ಇವೆಲ್ಲಾ ಆ ರಮ್ಮಿ ಥರದವೇ ಅಲ್ವೇನೋ" ಅಂದಿದಾರೆ. ಮೂರಕ್ಕೂ ಸೇರಿಸಿ ಹೇಳಿಬಿಡ್ತೀನಿ.

ಭಾವ, ಮೊದಲು ನಿಮ್ಮದು. ಆ ಲ್ಯಾಪ್‌ಟಾಪಿಗೆ ಗ್ರಾಫಿಕ್ಸ್ ಕಾರ್ಡ್ ಹಾಕ್ಸೋಕೆ ಆಗಲ್ಲ, ಆ ಖರ್ಚಿನ ಯೋಚನೆ ಬಿಟ್ಬಿಡಿ. ಪುಟ್ಟ ಕೇಳ್ತಿರೋ ಗೇಮ್ ಅದರಲ್ಲಿ ಓಡೋದೂ ಇಲ್ಲ. ತಂದುಕೊಟ್ರೂ ಫ್ಯಾನ್ ಶಬ್ದ ಕೇಳ್ತಾ ಕೂರ್ಬೇಕು ಅಷ್ಟೆ. ನನ್ನ ಸಲಹೆ ಇದು: ಸಾವಿರದಿಂದ ಸಾವಿರದೈನೂರು ಒಳಗೆ ಸಣ್ಣ ಸಣ್ಣವರು ಮಾಡಿರೋ ಎರಡು ಮೂರು ಗೇಮ್ ಕೊಡಿಸಿ. ಇಂಡೀ ಗೇಮ್ ಅಂತಾರೆ ಇವಕ್ಕೆ. ಒಬ್ಬರೋ ಇಬ್ಬರೋ, ಹೆಚ್ಚೆಂದ್ರೆ ಒಂದು ಸಣ್ಣ ತಂಡ ಕೂತು ಮಾಡಿದ್ದು. ದುಡ್ಡಿಲ್ಲ ಅಂತ ಸಮಾಧಾನಕ್ಕೆ ಕೊಡಿಸೋದು ಅಂದ್ಕೋಬೇಡಿ. ದೊಡ್ಡ ಕಂಪನಿ ಗೇಮೇ ಕೈಗೆ ಸಿಕ್ಕಿದ್ರೂ ನಾನು ಪುಟ್ಟನಿಗೆ ಮೊದಲು ಇವನ್ನೇ ಕೊಡ್ತಿದ್ದೆ.

ಮೊದಲನೇದು ಸ್ಟಾರ್‌ಡ್ಯೂ ವ್ಯಾಲಿ. ಅಮೆರಿಕದ ಸಿಯಾಟಲ್ ಕಡೆಯ ಎರಿಕ್ ಬರೋನ್ ಅನ್ನೋ ಹುಡುಗ ಒಬ್ಬನೇ ನಾಲ್ಕೂವರೆ ವರ್ಷ ಕೂತು ಮಾಡಿದ್ದು. ಕೋಡಿಂಗ್, ಚಿತ್ರ, ಸಂಗೀತ, ಕಥೆ ಎಲ್ಲಾ ಅವನದೇ. ಹೊಟ್ಟೆಪಾಡಿಗೆ ಥಿಯೇಟರಲ್ಲಿ ಜನರನ್ನ ಸೀಟಿಗೆ ಕೂರಿಸೋ ಕೆಲಸ ಮಾಡ್ಕೊಂಡು ಇದನ್ನ ಮಾಡ್ದ. 2016ರ ಫೆಬ್ರವರಿಯಲ್ಲಿ ಬಂತು, ಇವತ್ತಿಗೆ ನಾಲ್ಕು ಕೋಟಿಗೂ ಹೆಚ್ಚು ಮಾರಾಟ ಆಗಿದೆ. ಅದಾದ್ಮೇಲೂ ಬಿಡದೆ ಹೊಸ ಹೊಸದು ಸೇರಿಸ್ತಾನೇ ಇದಾನೆ. 2024ರಲ್ಲೂ ದೊಡ್ಡ ಅಪ್‌ಡೇಟ್ ಬಂತು. ಒಂದಕ್ಕೂ ಮತ್ತೆ ದುಡ್ಡು ಕೇಳಿಲ್ಲ. ನಮ್ಮಲ್ಲಿ ಬೆಲೆ ಐನೂರರ ಆಸುಪಾಸು, ಜಾಗ 500 ಎಂಬಿ ಸಾಕು. ಭಾವನ ಲ್ಯಾಪ್‌ಟಾಪಿಗೆ ಇದೊಂದು ಭಾರವೇ ಅಲ್ಲ.

ಆಟ ಏನಪ್ಪಾ ಅಂದ್ರೆ, ತಾತ ಬಿಟ್ಟುಹೋದ ಹಾಳುಬಿದ್ದ ಜಮೀನಿಗೆ ಹುಡುಗ ವಾಪಸ್ ಬರ್ತಾನೆ. ಕೈಗೆ ಒಂದಿಷ್ಟು ಬೀಜ, ಗುದ್ದಲಿ, ನೀರಿನ ಡಬ್ಬ. ಕಲ್ಲು ಮುಳ್ಳು ತೆಗೀಬೇಕು, ಅಗೀಬೇಕು, ಬಿತ್ತಬೇಕು, ದಿನಾ ನೀರು ಹಾಕ್ಬೇಕು. ನಾಲ್ಕು ಋತು, ಒಂದೊಂದಕ್ಕೆ 28 ದಿನ. ಋತು ಮುಗಿಯೋ ಹೊತ್ತಿಗೆ ಕೊಯ್ಲಿಗೆ ಬರದ ಬೆಳೆ ಒಣಗಿಹೋಗುತ್ತೆ. ಹಾಗಾಗಿ ಈ ಬೀಜ ಎಷ್ಟು ದಿನಕ್ಕೆ ಬರುತ್ತೆ, ಇನ್ನೆಷ್ಟು ದಿನ ಉಳಿದಿದೆ, ಹಾಕಿದ ದುಡ್ಡು ಹುಟ್ಟುತ್ತಾ ಅಂತ ಲೆಕ್ಕ ಹಾಕದೆ ಆಡೋಕೆ ಆಗಲ್ಲ. ಅಮ್ಮನ್ನ ಪಕ್ಕದಲ್ಲಿ ಕೂರಿಸಿ ನೋಡು, ಏನು ಹಾಕ್ಬೇಕು ಅಂತ ಅವರೇ ಹೇಳೋಕೆ ಶುರು ಮಾಡ್ತಾರೆ. ಊರ ಜನರ ಜೊತೆ ಮಾತಾಡ್ಬೇಕು, ಹುಟ್ಟಿದ ದಿನ ನೆನಪಿಟ್ಕೊಂಡು ಏನಾದ್ರೂ ಕೊಡ್ಬೇಕು. ಊರಿಗೊಂದು ದೊಡ್ಡ ಸೂಪರ್ ಮಾರ್ಕೆಟ್ ಬಂದು ಕೂತಿರುತ್ತೆ, ಅದರ ಪಕ್ಕ ನಿಲ್ಲೋದಾ ಇಲ್ಲ ಪಾಳುಬಿದ್ದ ಸಮುದಾಯ ಭವನ ರಿಪೇರಿ ಮಾಡಿಸೋದಾ ಅನ್ನೋದು ಆಡೋರಿಗೇ ಬಿಟ್ಟಿದ್ದು.

ಅಕ್ಕಾ, ಇದರಲ್ಲಿ ನಿನಗೆ ಅಂತ ಒಂದು ವಿಷಯ. ಕಂಪ್ಯೂಟರಲ್ಲಿ ಈ ಗೇಮ್ ಸೇವ್ ಆಗೋದು ಹುಡುಗ ಮನೆಗೆ ಹೋಗಿ ಮಲಗಿದಾಗ ಮಾತ್ರ. ಆಟದ ಒಂದು ದಿನ ಅಂದ್ರೆ ನಮ್ಮ ಗಡಿಯಾರದಲ್ಲಿ ಸುಮಾರು ಹದಿನಾಲ್ಕು ನಿಮಿಷ. ಊಟಕ್ಕೆ ಕರೆದಾಗ "ಈ ದಿನ ಮುಗಿಸಿ ಬರ್ತೀನಮ್ಮ" ಅಂದ್ರೆ ಅವನು ಸುಳ್ಳು ಹೇಳ್ತಿಲ್ಲ, ಅಲ್ಲೇ ಬಿಟ್ಟು ಎದ್ರೆ ಅವತ್ತು ಮಾಡಿದ್ದೆಲ್ಲಾ ಹೋಗುತ್ತೆ. ಅದಕ್ಕೆ ಒಂದು ಕಾಲು ಗಂಟೆ ಮುಂಚೆ ಹೇಳ್ಬಿಡು, "ಇದೇ ಕೊನೇ ದಿನ" ಅಂತ. ಮಲಗಿಸಿ ಎದ್ದುಬರ್ತಾನೆ. ಸ್ವಿಚ್ ಆಫ್ ಮಾಡಿ ಜಗಳ ಮಾಡ್ಕೋಬೇಡ ದಯವಿಟ್ಟು.

ಎರಡನೇದು ಬಾಬಾ ಈಸ್ ಯೂ. ಲೆಕ್ಕದಲ್ಲಿ ಚುರುಕಿರೋ ಹುಡುಗ ಅವನು, ಇದು ಅವನಿಗೇ ಹೇಳಿ ಮಾಡಿಸಿದ ಹಾಗಿದೆ. ಫಿನ್‌ಲೆಂಡಿನ ಆರ್ವಿ ಟೈಕಾರಿ ಮಾಡಿದ್ದು, 2019ರಲ್ಲಿ ಬಂತು. ನೋಡೋಕೆ ಏನೂ ಇಲ್ಲ, ಮೊಲದ ಥರದ ಒಂದು ಬಿಳಿ ಪ್ರಾಣಿ, ನಾಲ್ಕು ಗೋಡೆ, ಒಂದು ಬಾವುಟ. ಆದ್ರೆ ಆಟದ ನಿಯಮಗಳು ಇರ್ತಾವಲ್ಲ, ಅವೂ ಪರದೆ ಮೇಲೆ ಪದಗಳಾಗಿ ಬಿದ್ದಿರ್ತಾವೆ, ತಳ್ಳಬಹುದು. 'ವಾಲ್', 'ಈಸ್', 'ಸ್ಟಾಪ್' ಅಂತ ಮೂರು ಪದ ಸಾಲಾಗಿದ್ರೆ ಗೋಡೆ ತಡೆಯುತ್ತೆ. ಹೋಗಿ ಅದರಲ್ಲಿ ಒಂದನ್ನ ಪಕ್ಕಕ್ಕೆ ತಳ್ಳಿಬಿಡು, ಗೋಡೆ ಅಲ್ಲೇ ಇರುತ್ತೆ, ಆದ್ರೆ ತಡೆಯಲ್ಲ, ಅದರೊಳಗಿಂದಾನೇ ದಾಟಿ ಹೋಗಬಹುದು. ಆ ಪ್ರಾಣಿಯ ಹೆಸರೇ ಬಾಬಾ, 'ಬಾಬಾ', 'ಈಸ್', 'ಯೂ' ಅಂತ ಇರೋ ಸಾಲಲ್ಲಿ ಬಾಬಾ ತೆಗೆದು ವಾಲ್ ಇಟ್ರೆ ಇಡೀ ಗೋಡೆಯೇ ನೀನಾಗಿ ನಡೆಯೋಕೆ ಶುರು ಮಾಡುತ್ತೆ. ಇಂಥ ಇನ್ನೂರಕ್ಕೂ ಹೆಚ್ಚು ಲೆವೆಲ್ ಇದಾವೆ. ಒಂದು ಲೆವೆಲಲ್ಲಿ ಸಿಕ್ಕಿಹಾಕ್ಕೊಂಡು, ಬಿಟ್ಟೆದ್ದು ಹೋಗಿ, ಸ್ನಾನ ಮಾಡೋವಾಗ ಉತ್ತರ ಹೊಳೆದು ಓಡಿಬರೋ ಥರದ್ದು. ಕೋಡಿಂಗ್ ಕ್ಲಾಸಿಗೆ ಸೇರಿಸ್ಬೇಕು ಅಂತಿದ್ಯಲ್ಲ, ನಿಯಮ ಬದಲಾದ್ರೆ ಫಲಿತಾಂಶ ಹೇಗೆ ಬದಲಾಗುತ್ತೆ ಅನ್ನೋದನ್ನ ಇಷ್ಟು ಚೆನ್ನಾಗಿ ಮನಸ್ಸಿಗೆ ಹತ್ತಿಸೋದು ನಾನು ಬೇರೆಲ್ಲೂ ನೋಡಿಲ್ಲ. ಅವನಿಗೆ ಉತ್ತರ ಯೂಟ್ಯೂಬಲ್ಲಿ ನೋಡ್ಬೇಡ ಅಂತ ಮಾತ್ರ ಹೇಳು, ನೋಡಿದ್ರೆ ಕೊಟ್ಟ ದುಡ್ಡು ವ್ಯರ್ಥ.

ಪುಟ್ಟಿ ಲ್ಯಾಪ್‌ಟಾಪಿಗೆ ಜಗಳ ಆಡೇ ಆಡ್ತಾಳೆ, ಅವಳಿಗೆ ಎ ಶಾರ್ಟ್ ಹೈಕ್. ಒಂದು ಪುಟ್ಟ ಹಕ್ಕಿ, ಫೋನಿಗೆ ಸಿಗ್ನಲ್ ಸಿಗ್ತಿಲ್ಲ ಅಂತ ಬೆಟ್ಟ ಹತ್ತಿ ಹೋಗೋದು, ದಾರೀಲಿ ಸಿಕ್ಕವರ ಜೊತೆ ಮಾತಾಡೋದು, ಮೀನು ಹಿಡಿಯೋದು, ಮೇಲಿಂದ ತೇಲ್ಕೊಂಡು ಇಳಿಯೋದು. ಹೊಡೆದಾಟ ಇಲ್ಲ, ಸೋಲೂ ಇಲ್ಲ. ಎರಡು ಗಂಟೆಯೊಳಗೆ ಮುಗಿಯುತ್ತೆ. ಕೆನಡಾದ ಆಡಮ್ ರಾಬಿನ್ಸನ್-ಯು ಅನ್ನೋರು ದೊಡ್ಡದೇನೋ ಮಾಡ್ತಾ ಮಾಡ್ತಾ ಸುಸ್ತಾಗಿ, ಮಧ್ಯೆ ಬಿಡುವು ತಗೊಂಡು ಮಾಡಿದ್ದು ಇದು. ಇಂಡೀ ಗೇಮ್‌ಗಳ ಹಬ್ಬದಲ್ಲಿ 2020ರ ದೊಡ್ಡ ಬಹುಮಾನ ಇದಕ್ಕೇ ಬಂತು.

ಈಗ ಚಿಕ್ಕಪ್ಪ, ನಿಮ್ಮ ಮಾತು. ನಿಮ್ಮ ಭಯ ಸರಿಯಾದದ್ದೇ. ದುಡ್ಡು ಕಟ್ಟಿ ಆಡೋ ಆ ಆಟಗಳಿಂದ ಎಷ್ಟು ಮನೆ ಹಾಳಾಯ್ತು ಅಂತ ನಾವೇ ನೋಡಿದೀವಿ, 2025ರ ಆಗಸ್ಟಲ್ಲಿ ಸಂಸತ್ತು ಕಾನೂನು ಮಾಡಿ ಅವನ್ನ ನಿಷೇಧಿಸಿತು. ನಾನು ಹೇಳ್ತಿರೋದು ಅದಲ್ಲ. ಒಂದು ಸಲ ದುಡ್ಡು ಕೊಟ್ರೆ ಆಟ ಪೂರ್ತಿ ನಮ್ಮದು, ಆಡ್ತಾ ಆಡ್ತಾ ಮತ್ತೆ ಕೇಳಲ್ಲ. ನನಗೆ ನಿಜವಾಗ್ಲೂ ಹೆದರಿಕೆ ಇರೋದು ಫೋನಲ್ಲಿ ಬಿಟ್ಟಿ ಸಿಗೋ ಗೇಮ್‌ಗಳದ್ದು. ಮೊದಲು ಬಿಟ್ಟಿ, ಆಮೇಲೆ ವಜ್ರ ತಗೋ, ಪೆಟ್ಟಿಗೆ ತೆಗಿ, ಇವತ್ತು ಬರದಿದ್ರೆ ಬಹುಮಾನ ಹೋಗುತ್ತೆ ಅಂತ ಮಕ್ಕಳನ್ನ ಎಳೀತಾ ಇರ್ತಾವೆ. ಪೆಟ್ಟಿಗೆಯಲ್ಲಿ ಏನಿದೆ ಅಂತ ಗೊತ್ತಿಲ್ಲದೇ ದುಡ್ಡು ಹಾಕೋದು ಜೂಜೇ ತಾನೆ?

ಇಸ್ಪೀಟಿನ ಮಾತು ಬಂತಲ್ಲ, ಬಲಾಟ್ರೋ ಅಂತ ಒಂದಿದೆ ಚಿಕ್ಕಪ್ಪ. 2024ರಲ್ಲಿ ಬಂತು, ಕೆನಡಾದ ಸಸ್ಕಾಚೆವಾನ್‌ನವನು, ಲೋಕಲ್‌ಥಂಕ್ ಅನ್ನೋ ಹೆಸರಲ್ಲಿ ಒಬ್ಬನೇ ಮಾಡಿದ್ದು. ಪೋಕರಿನ ಎಲೆಗಳು ಇರ್ತಾವೆ, ಆದ್ರೆ ಪಣ ಇಲ್ಲ, ನಿಜವಾದ ದುಡ್ಡಿಲ್ಲ, ಎದುರಾಳಿಯೂ ಇಲ್ಲ. ಯಾವ ಜೋಕರ್ ಇಟ್ಕೊಂಡ್ರೆ ಅಂಕ ಎಷ್ಟು ಪಟ್ಟು ಏರುತ್ತೆ ಅನ್ನೋ ಗುಣಾಕಾರದ ಆಟ. ತನ್ನ ಆಟವನ್ನ ಯಾವ ಜೂಜಿನ ಕಂಪನಿಗೂ ಎಂದಿಗೂ ಮಾರಬಾರದು ಅಂತ ಆತ ವಿಲ್‌ನಲ್ಲೇ ಬರೆಸಿದಾನೆ. ನನಗೆ ಆ ಮನುಷ್ಯನ ಮೇಲೆ ಅದಕ್ಕೇ ಬಹಳ ಗೌರವ. ಇದನ್ನ ಪುಟ್ಟನಿಗಿಂತ ನಿಮಗೇ ಹಾಕ್ಕೊಡ್ತೀನಿ, ಇಪ್ಪತ್ತೆಂಟು ಆಡೋ ತಲೆಗೆ ಇದು ಹಿಡಿಸುತ್ತೆ.

ಪುಟ್ಟನಿಗೆ ಗುಂಡು ಹಾರಿಸೋ ಗಲಾಟೆ ಇರ್ಲೇಬೇಕು ಅಂದ್ರೆ ವ್ಯಾಂಪೈರ್ ಸರ್ವೈವರ್ಸ್ ಇದೆ. ನಡೆಯೋದಷ್ಟೇ ನಮ್ಮ ಕೆಲಸ, ಆಯುಧ ತಾನೇ ಹೊಡೆಯುತ್ತೆ, ಮೂವತ್ತು ನಿಮಿಷಕ್ಕೆ ಒಂದಾಟ. ಇಂಗ್ಲೆಂಡಲ್ಲಿರೋ ಇಟಲಿಯ ಲೂಕಾ ಗಲಾಂಟೆ ಮೂರು ಡಾಲರಿಗೆ ಬಿಟ್ಟಿದ್ದ ಈ ಗೇಮು 2023ರಲ್ಲಿ ಎಲ್ಡನ್ ರಿಂಗ್‌ನಂಥ ದೈತ್ಯರನ್ನ ಹಿಂದೆ ಹಾಕಿ ಬ್ರಿಟನ್ನಿನ ಬಾಫ್ಟಾ ಅನ್ನೋ ದೊಡ್ಡ ಬಹುಮಾನದಲ್ಲಿ ಅತ್ಯುತ್ತಮ ಗೇಮ್ ಪ್ರಶಸ್ತಿ ತಗೊಂತು. ಸೆಲೆಸ್ಟ್, ಹಾಲೋ ನೈಟ್ ಕೂಡ ಚಿನ್ನದಂಥವು, ಆದ್ರೆ ಕಷ್ಟ ಜಾಸ್ತಿ. ಇವು ಮುಗಿದ ಮೇಲೆ ನೋಡೋಣ. ಪುಣೆಯವರು ಮಾಡಿದ 'ರಾಜಿ' ಅನ್ನೋ ಗೇಮ್ ಆಡಿಸ್ಬೇಕು ಅಂತ ನನಗೆ ಬಹಳ ಆಸೆ, ಕೋಟೆ, ಕೆತ್ತನೆ, ದುರ್ಗೆ ಎಲ್ಲಾ ಇದೆ ಅದರಲ್ಲಿ, ಆದ್ರೆ ಈ ಲ್ಯಾಪ್‌ಟಾಪ್ ಅದನ್ನ ಎಳೆಯಲ್ಲ.

ಇನ್ನೊಂದು ಇದೆ, ಅದು ಅಕ್ಕಾ ನಿನಗೆ. ಟೊರಾಂಟೊದಲ್ಲಿರೋ ಚಿಕ್ಕಮ್ಮನೂ ಇದನ್ನ ಕೇಳಿಸ್ಕೊಳ್ಳಿ. ವೆಣ್ಬಾ ಅಂತ. ಅದೇ ಟೊರಾಂಟೊದ ವಿಸೈ ಗೇಮ್ಸ್ ಅನ್ನೋ ಸಣ್ಣ ತಂಡ 2023ರಲ್ಲಿ ಮಾಡಿದ್ದು. 1980ರ ದಶಕದಲ್ಲಿ ಕೆನಡಾಗೆ ಹೋಗಿರೋ ತಮಿಳು ಗಂಡ ಹೆಂಡತಿ, ಅಲ್ಲೇ ಹುಟ್ಟಿದ ಮಗ. ಹೆಂಡತಿಗೆ ಅವಳ ಅಮ್ಮ ಕೊಟ್ಟ ಅಡುಗೆ ಪುಸ್ತಕ ಹರಿದುಹೋಗಿದೆ, ಅಲ್ಲಲ್ಲಿ ಅಕ್ಷರ ಅಳಿಸಿದೆ, ಉಳಿದದ್ದನ್ನ ನಾವು ಊಹೆ ಮಾಡಿ ಅಡುಗೆ ಮಾಡ್ಬೇಕು. ಮೊದಲನೇದೇ ಇಡ್ಲಿ. ಹಿಟ್ಟು ಹಾಕಿ ತಟ್ಟೆ ಒಂದರ ಮೇಲೊಂದು ಜೋಡಿಸ್ಬೇಕು, ಆದ್ರೆ ಆವಿ ಮೇಲಿನ ತಟ್ಟೆವರೆಗೂ ಹೋಗೋ ಹಾಗೆ ಜೋಡಿಸ್ಬೇಕು. ಹೊರದೇಶದವರು ಅಲ್ಲಿ ತಡಕಾಡ್ತಾರೆ, ನಿನ್ನ ಕೈ ತಾನಾಗೇ ಸರಿಯಾಗಿ ಇಡುತ್ತೆ. ರೇಡಿಯೋದಲ್ಲಿ ಬರೋ ಹಾಡುಗಳನ್ನೂ ಹಳೇ ತಮಿಳು ಸಿನಿಮಾದ ಧಾಟೀಲಿ ಇದಕ್ಕೆ ಅಂತಾನೇ ಮಾಡಿಸಿದಾರೆ. ಮಗ ದೊಡ್ಡವನಾಗ್ತಾ ಮನೆ ಊಟದಿಂದ, ಮನೆ ಮಾತಿಂದ ದೂರ ಸರೀತಾನೆ. ಮುಂದಿಂದು ಹೇಳಲ್ಲ. ಒಂದು ಒಂದೂವರೆ ಗಂಟೆ ಅಷ್ಟೆ, ಅಮ್ಮನ್ನ ಜೊತೇಲಿ ಕೂರಿಸ್ಕೊಂಡು ಆಡು. ಅವರು ತಮಿಳರು, ನಾವು ಕನ್ನಡದವರು, ಆದ್ರೆ ಚಿಕ್ಕಮ್ಮನ ಮನೇಲಿ ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಲ್ಲಿ ಉತ್ತರ ಕೊಡೋದು ನೋಡಿದೀಯಲ್ಲ, ನಿನಗೆ ಬೇರೆ ವಿವರಣೆ ಬೇಡ. ಇದಕ್ಕೆ 2024ರ ಬಾಫ್ಟಾದಲ್ಲಿ ಚೊಚ್ಚಲ ಗೇಮ್ ಪ್ರಶಸ್ತಿ ಬಂತು, ಬರಲೇಬೇಕಿತ್ತು.

ತಗೊಳ್ಳೋದು ಹೇಗೆ ಅಂದ್ರೆ, ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ನಿನ್ನ ಹೆಸರಲ್ಲಿ ಅಕೌಂಟ್ ಮಾಡು, ಪುಟ್ಟನದು ಅದರ ಕೆಳಗೆ ಮಗುವಿನ ಅಕೌಂಟ್ ಅಂತ ಸೇರಿಸು. ಎಷ್ಟು ಹೊತ್ತು ಆಡಬಹುದು ಅಂತ ನೀನೇ ಅಲ್ಲಿ ಹಾಕಿಡಬಹುದು. ಬೆಲೆ ರೂಪಾಯಲ್ಲೇ ಇರುತ್ತೆ, ಯುಪಿಐ ನಡೆಯುತ್ತೆ, ಕಾರ್ಡ್ ನಂಬರ್ ಎಲ್ಲೂ ಕೊಡೋದು ಬೇಡ. ತಗೊಂಡು ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ರೆ ದುಡ್ಡು ವಾಪಸ್ ಕೇಳಬಹುದು. ಓಡುತ್ತೋ ಇಲ್ವೋ ಅನ್ನೋ ಚಿಂತೆ ಇರಲ್ಲ. ಆದ್ರೆ ಎ ಶಾರ್ಟ್ ಹೈಕ್, ವೆಣ್ಬಾ ಅಷ್ಟರೊಳಗೇ ಮುಗಿಯೋ ಗೇಮ್‌ಗಳು, ಆಡಿ ಮುಗಿಸಿ ವಾಪಸ್ ಕೇಳೋ ಕೆಲಸ ದಯವಿಟ್ಟು ಯಾರೂ ಮಾಡ್ಬೇಡಿ. ಈಗ ಎರಡು ತಗೊಳ್ಳಿ ಸಾಕು, ಉಳಿದದ್ದನ್ನ ವಿಶ್‌ಲಿಸ್ಟಲ್ಲಿ ಹಾಕಿಡಿ. ಜೂನ್ ಕೊನೆಗೆ ದೊಡ್ಡ ಸೇಲ್ ಬರುತ್ತೆ, ಬೆಲೆ ಇಳಿದ ದಿನ ಮೇಲ್ ಬರುತ್ತೆ.

ಪುಟ್ಟನ ಸ್ನೇಹಿತ ಯಾರೋ ಪೆನ್‌ಡ್ರೈವಲ್ಲಿ ಕ್ರ್ಯಾಕ್ ಮಾಡಿದ್ದು, ಅಂದ್ರೆ ಬೀಗ ಮುರಿದ ಕಳ್ಳ ಕಾಪಿ, ಕೊಡ್ತೀನಿ ಅಂದಿದಾನಂತೆ. ಬೇಡ ಅಕ್ಕಾ. ಭಾವ ಬ್ಯಾಂಕ್ ಕೆಲಸ ಮಾಡೋದೂ ಅದೇ ಲ್ಯಾಪ್‌ಟಾಪಲ್ಲಿ, ಅದರ ಜೊತೆ ವೈರಸ್ ಏನು ಬರುತ್ತೋ ಯಾರಿಗೆ ಗೊತ್ತು. ಮತ್ತೆ, ನಾವು ಕೊಡೋ ಐನೂರರಲ್ಲಿ ಅಂಗಡಿಯವರೇ ಸಾಮಾನ್ಯವಾಗಿ ನೂರಕ್ಕೆ ಮೂವತ್ತು ಇಟ್ಕೋತಾರೆ. ಉಳಿದದ್ದರಲ್ಲೇ ಆ ಒಬ್ಬರು ಇಬ್ಬರ ಜೀವನ, ಮುಂದಿನ ಗೇಮು, ಎಲ್ಲಾ ನಡೀಬೇಕು. ದೊಡ್ಡ ಕಂಪನಿಗೆ ನಮ್ಮ ಐನೂರು ಲೆಕ್ಕಕ್ಕಿಲ್ಲ, ಇವರಿಗೆ ಇದೆ. ದುಡ್ಡು ಕೊಡದೇ ಆಡ್ಬೇಕು ಅಂತಿದ್ರೆ ಕೇವ್ ಸ್ಟೋರಿ ಇದೆ. ಜಪಾನಿನ ಡೈಸುಕೆ ಅಮಾಯಾ ಐದು ವರ್ಷ ಒಬ್ಬರೇ ಮಾಡಿ 2004ರಲ್ಲಿ ಎಲ್ಲರಿಗೂ ಉಚಿತವಾಗಿ ಕೊಟ್ಟ ಗೇಮು. ಅವರು ಮನಸಾರೆ ಕೊಟ್ಟಿದ್ದನ್ನ ಸಂತೋಷವಾಗಿ ತಗೊಳ್ಳೋಣ.

ಕೊನೆಗೊಂದು ಕೆಲಸ, ಇವತ್ತೇ ಮಾಡಿ. ಲ್ಯಾಪ್‌ಟಾಪಲ್ಲಿ ವಿಂಡೋಸ್ ಎಷ್ಟನೇದು ಅಂತ ನೋಡ್ಬೇಕು. ಏಳು, ಎಂಟು ಆಗಿದ್ರೆ 2024ರ ಜನವರಿಯಿಂದ ಸ್ಟೀಮ್ ಅವಕ್ಕೆ ಸಪೋರ್ಟ್ ನಿಲ್ಲಿಸಿದೆ, ಹತ್ತೋ ಹನ್ನೊಂದೋ ಹಾಕಿಸ್ಬೇಕಾಗುತ್ತೆ. ಭಾವ, ದಿಸ್ ಪಿಸಿ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೆದ್ರೆ ವಿಂಡೋಸು, ರ‍್ಯಾಮು ಎಲ್ಲಾ ಬರುತ್ತೆ, ಅದರ ಫೋಟೋ ಇಲ್ಲೇ ಹಾಕಿ. ಭಾನುವಾರ ಊಟಕ್ಕೆ ಹೇಗೂ ಬರ್ತಿದೀನಿ, ನಾನೇ ಕೂತು ಹಾಕ್ಕೊಡ್ತೀನಿ. ಪುಟ್ಟನಿಗೆ ಸ್ಟಾರ್‌ಡ್ಯೂನೂ ಬಾಬಾನೂ ಯೂಟ್ಯೂಬಲ್ಲಿ ಟ್ರೇಲರ್ ಮಾತ್ರ ನೋಡಿ ಯಾವುದು ಮೊದಲು ಅಂತ ಹೇಳೋಕೆ ಹೇಳು.