ಅಪ್‌ಡೇಟ್: ಸಮ್ಮೇಳನದ ಊಟ ಬಜೆಟ್‌ನಲ್ಲೇ ಮುಗೀತು

ಸ್ವಯಂಸೇವಕರೇ ನಡೆಸುವ ಸಮ್ಮೇಳನದ ರಾತ್ರಿಯೂಟ ಬಜೆಟ್ ಮೀರದ ಹಾಗೆ ಹೇಗೆ ಮಾಡೋದು ಅಂತ ಕೇಳಿದ್ದೆನಲ್ಲ, ಊಟ ಆಯ್ತು, ದುಡ್ಡೂ ಸಾಕಾಯ್ತು. ಮೆನು ನೋಡಿ ಆರ್ಡರ್ ಬೇಡ, ತಲೆಗಿಷ್ಟು ಅಂತ ಮೊದಲೇ ಮಾತಾಡಿ ಅಂದವರ ಮಾತು ಕೇಳಿದ್ದು ಒಳ್ಳೇದಾಯ್ತು. ತೆರಿಗೆ, ಸರ್ವಿಸ್ ಚಾರ್ಜ್ ಸೇರಿಸಿಯೇ ರೇಟ್ ಬರೆಸಿಕೊಂಡೆವು. ಪಾನೀಯ ಅವರವರ ಖರ್ಚು. ಒಂದಿಬ್ಬರು ಮುಖ ಸಿಂಡರಿಸಿದರು, ಇರಲಿ.

ನಿಜವಾದ ತಲೆನೋವು ಎಣಿಕೆಯದ್ದು. ಫಾರ್ಮ್‌ನಲ್ಲಿ 'ಬರ್ತೀನಿ' ಅಂತ ಟಿಕ್ ಹಾಕೋಕೆ ಏನು ಖರ್ಚು? ಸಣ್ಣ ಮುಂಗಡ ಕೇಳಿದ್ದೇ ತಡ, ಪಟ್ಟಿ ಕರಗಿತು! ಪಟ್ಟಿಯಲ್ಲಿ ಉಳಿದವರಿಗಿಂತ ಸ್ವಲ್ಪ ಕಡಿಮೆ ಸಂಖ್ಯೆಗೇ ಗ್ಯಾರಂಟಿ (ಇಷ್ಟು ಊಟದ ದುಡ್ಡು ಖಂಡಿತ ಕೊಡ್ತೀವಿ ಅನ್ನೋ ಮಾತು) ಕೊಟ್ಟೆವು; ಹೆಚ್ಚಿಗೆ ಬಂದರೆ ಅದೇ ರೇಟಿಗೆ ಬಡಿಸ್ತೀವಿ ಅಂತ ಹೋಟೆಲಿನವರು ಒಪ್ಪಿದ್ದರು. ಅಲರ್ಜಿ ಇದ್ದವರ ಬ್ಯಾಡ್ಜ್ ಮೇಲೆ ಕೆಂಪು ಚುಕ್ಕಿ ಅಂಟಿಸಿದ್ದೆವು, ಬಡಿಸುವವರು ಅದನ್ನೇ ನೋಡಿ ತಟ್ಟೆ ಇಡ್ತಿದ್ದರು. ಪ್ರಾಯೋಜಕರನ್ನು ಹಿಡಿಯಿರಿ ಅನ್ನೋ ಸಲಹೆ ಮಾತ್ರ ನಡೀಲಿಲ್ಲ.