ಸಹಾಯ ಬೇಕು: ಅವ್ವನಿಗೆ 10 ದಿನದ ವಿಪಸ್ಸನ ಧ್ಯಾನ ಶಿಬಿರ

ಎಲ್ಲರಿಗೂ ಜೈ ಭೀಮ್. ನಾವು ಕಲಬುರಗಿಯವರು. ಇಲ್ಲಿನ ಬುದ್ಧ ವಿಹಾರದಲ್ಲಿ ಕೂತರೆ ಅವ್ವನಿಗೆ ಏಳಲು ಮನಸ್ಸೇ ಬರುವುದಿಲ್ಲ. ಈಗ ಹೈದರಾಬಾದಿನ ಧಮ್ಮ ಖೇತ್ತ ವಿಪಸ್ಸನ ಕೇಂದ್ರದಲ್ಲಿ 10 ದಿನದ ಶಿಬಿರಕ್ಕೆ ಹೋಗುವ ಆಸೆ. ಬೆಳಗ್ಗೆ 4ಕ್ಕೆ ಏಳುವುದು, ಮೌನ, ಎಲ್ಲಾ ಆಕೆಗೆ ಒಪ್ಪಿಗೆ.

ನನ್ನ ಚಿಂತೆ ಬೇರೆ. ಅವ್ವನಿಗೆ ಶುಗರ್ ಇದೆ. ರಾತ್ರಿ ಗುಳಿಗೆ ತಗೊಂಡರೆ ಒಂದು ಜೋಳದ ರೊಟ್ಟಿ, ಪುಂಡಿಪಲ್ಯ ಬೇಕೇ ಬೇಕು. ಅಲ್ಲಿ ರಾತ್ರಿ ಊಟ ಇಲ್ಲ, ಹೊಸಬರಿಗೆ ಸಂಜೆ 5ಕ್ಕೆ ಚಹಾ, ಹಣ್ಣು ಥರದ್ದಷ್ಟೇ. ಶುಗರ್ ಇರುವವರು ಯಾರಾದರೂ ಹೋಗಿ ಬಂದಿದ್ದೀರಾ? ಗುಳಿಗೆ ಹೊತ್ತು ಹೇಗೆ ಹೊಂದಿಸಿಕೊಂಡಿರಿ? ಡಾಕ್ಟರನ್ನು ಕೇಳಿಯೇ ಕಳಿಸುತ್ತೇವೆ, ಆದರೂ ಅನುಭವ ಇದ್ದವರ ಮಾತು ಬೇಕು.

ಮೊಣಕಾಲು ನೋವಿದೆ, ಮೆಟ್ಟಿಲು ಜಾಸ್ತಿ ಇವೆಯಾ? ಇಲ್ಲಿಂದ ಹೋಗುವ ಹೆಣ್ಣುಮಕ್ಕಳು ಇದ್ದರೆ ದಯವಿಟ್ಟು ತಿಳಿಸಿ, ಜೊತೆಗೇ ಕಳಿಸುತ್ತೇವೆ.