ಚರ್ಚೆ: ನಿವೃತ್ತ ಸೈನಿಕರ ಕುಡಿತ ಬಿಡಿಸುವ ಹೊಣೆ ಯಾರದು?

ಕಾಫಿತೋಟ:
ನಿವೃತ್ತ ಸೈನಿಕರ ಆರೋಗ್ಯ ಯೋಜನೆ ಇ.ಸಿ.ಎಚ್.ಎಸ್. 2003ರಿಂದ ಇದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಬಹುದು, ಮಂಡಿ ಬದಲಿಸಿಕೊಳ್ಳಬಹುದು. ಕುಡಿತ ಬಿಡಿಸಬೇಕೆಂದರೆ ನಮ್ಮ ಕಡೆಯ ಪಾಲಿಕ್ಲಿನಿಕ್‌ನಲ್ಲಿ ಮನೋವೈದ್ಯರೇ ಇಲ್ಲ. ರೆಫರಲ್ ಬರೆಸಿಕೊಂಡು ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು. ಬೆಳಿಗ್ಗೆ ಆಸ್ಪತ್ರೆಗೆ ಬರುತ್ತೇನೆಂದು ಒಪ್ಪಿದವರು ಕಾಗದ ಸಿದ್ಧವಾಗುವ ಹೊತ್ತಿಗೆ ಮನಸ್ಸು ಬದಲಿಸಿರುತ್ತಾರೆ. ಕೊಡಗಿನಲ್ಲಿ, ಮನೆಗೊಬ್ಬ ಸೈನಿಕನಿರುವ ಊರುಗಳ ನಡುವೆ, ಅವರಿಗೆಂದೇ ಹತ್ತು ಹಾಸಿಗೆಗಳ ವ್ಯಸನ ಚಿಕಿತ್ಸಾ ವಾರ್ಡ್ ಯಾಕಿರಬಾರದು?

ನಿವೃತ್ತ ಸುಬೇದಾರ್:
"ಮನೆಗೊಬ್ಬ ಸೈನಿಕ" ಎಂದು ಹೊಗಳಿ, ಅದೇ ಉಸಿರಿನಲ್ಲಿ ಅವರಿಗೆಲ್ಲ ವಾರ್ಡ್ ಬೇಕು ಎನ್ನುತ್ತೀರಿ. ಸಮವಸ್ತ್ರ ತೊಟ್ಟವನನ್ನು ಕುಡುಕನೆಂದು ತೋರಿಸುವುದನ್ನು ನಾನು ಒಪ್ಪುವುದಿಲ್ಲ. 2019ರಲ್ಲಿ ಏಮ್ಸ್ ತಜ್ಞರು ಕೇಂದ್ರ ಸರ್ಕಾರಕ್ಕೆ ಕೊಟ್ಟ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರೆಲ್ಲ ಪಿಂಚಣಿ ಪಡೆಯುವ ಸೈನಿಕರೇ?

ಶುಶ್ರೂಷಕಿ, ಧಾರವಾಡ:
ಅದೇ ಸಮೀಕ್ಷೆಯ ಮುಂದಿನ ಭಾಗವನ್ನೂ ಓದಿ ಸರ್. ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ದಾಖಲಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಕಾಫಿತೋಟದ ಮೇಡಂ ಕೇಳುತ್ತಿರುವುದು ಹಾಸಿಗೆಯನ್ನು. ಯಾರಿಗೂ ಹಣೆಪಟ್ಟಿ ಕಟ್ಟುತ್ತಿಲ್ಲ.

ಪಾನಮುಕ್ತ:
ಹಾಸಿಗೆ ಆಮೇಲೆ. ಮೊದಲು ಮಿಲಿಟರಿ ಕ್ಯಾಂಟೀನಿನ ಮದ್ಯದ ಕೋಟಾ ನಿಲ್ಲಿಸಿ. ಹೊರಗಿನ ಅಂಗಡಿಗಿಂತ ಅಗ್ಗದ ದರದಲ್ಲಿ ತಿಂಗಳು ತಿಂಗಳು ಬಾಟಲಿ ಕೊಡುವುದೂ ಸರ್ಕಾರವೇ, ಬಿಡಿಸಲು ವಾರ್ಡ್ ಕಟ್ಟುವುದೂ ಸರ್ಕಾರವೇ. ಇದು ತೆರಿಗೆದಾರರಿಗೆ ಮಾಡುವ ಅನ್ಯಾಯ.

ನಿವೃತ್ತ ಸುಬೇದಾರ್:
ಕೋಟಾದ ಮೇಲೆ ಕೈ ಹಾಕಬೇಡಿ. ಅದು ಭಿಕ್ಷೆಯಲ್ಲ, ಸೇವೆಗೆ ಸಂದ ಸೌಲಭ್ಯ. ಎಷ್ಟೋ ಮನೆಗಳಲ್ಲಿ ಆ ಬಾಟಲಿ ಹಬ್ಬಕ್ಕೆ, ನೆಂಟರಿಗೆ ಮಾತ್ರ ಹೊರಬರುತ್ತದೆ. ನಿಷೇಧದಿಂದ ಏನಾಯಿತೆಂದು ಬಿಹಾರವನ್ನು ಕೇಳಿ. 2016ರಲ್ಲಿ ಪೂರ್ಣ ನಿಷೇಧ ಬಂತು, 2022ರ ಡಿಸೆಂಬರ್‌ನಲ್ಲಿ ಸಾರಣ್ ಜಿಲ್ಲೆಯಲ್ಲಿ ಕಳ್ಳಭಟ್ಟಿ ಕುಡಿದು ಜನ ಸಾಲುಸಾಲಾಗಿ ಸತ್ತರು.

ಪಾನಮುಕ್ತ:
ಬಿಹಾರದವರೆಗೆ ಯಾಕೆ ಹೋಗುತ್ತೀರಿ? ನಮ್ಮಲ್ಲೇ 2007ರ ಜುಲೈನಲ್ಲಿ ಸಾರಾಯಿ ನಿಂತಿತು, ರಾಜ್ಯ ಮುಳುಗಲಿಲ್ಲ. ಬ್ರಿಟಿಷ್ ನೌಕಾಪಡೆ ತಲೆಮಾರುಗಳಿಂದ ಕೊಡುತ್ತಿದ್ದ ದಿನದ ರಮ್ ಪಾಲನ್ನು 1970ರ ಜುಲೈ 31ರಂದು ರದ್ದು ಮಾಡಿತು. ಆ ನೌಕಾಪಡೆ ಇಂದಿಗೂ ಇದೆ.

ನಿವೃತ್ತ ಸುಬೇದಾರ್:
ರಮ್ ನಿಲ್ಲಿಸಿದ ಮೇಲೆ ಅದರ ಬದಲಿಗೆ ಬಿಯರ್ ಹೆಚ್ಚಿಸಿದರು. ಆ ಅರ್ಧವನ್ನು ಯಾಕೆ ಬಿಟ್ಟಿರಿ? ನಮ್ಮಲ್ಲಿ ಸಾರಾಯಿ ನಿಂತಾಗಲೂ ಕುಡಿಯುವವರು ಪ್ಯಾಕೆಟ್ ಬಿಟ್ಟು ವಿಸ್ಕಿಗೆ ಹೋದರು. ಕುಡಿತ ನಿಂತಿತೇ? ಹಿಮದ ಮೇಲೆ ಒಂದು ರಾತ್ರಿ ಕಳೆದು ಬನ್ನಿ, ಆಮೇಲೆ ರಮ್ ಬಗ್ಗೆ ಮಾತನಾಡೋಣ.

ಶುಶ್ರೂಷಕಿ, ಧಾರವಾಡ:
ಹಿಮದ ಮಾತು ಬಂದಿದ್ದರಿಂದ ಹೇಳುತ್ತೇನೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬೆಚ್ಚಗಾದಂತೆ ಅನಿಸುತ್ತದೆ. ನಿಜವಾಗಿ ಒಳಮೈಯ ಶಾಖ ಇಳಿಯುತ್ತದೆ. ಇದು ಸೇನೆಯ ವೈದ್ಯರಿಗೂ ಚೆನ್ನಾಗಿ ಗೊತ್ತು.

ನಿವೃತ್ತ ಸುಬೇದಾರ್:
ಗೊತ್ತಿದ್ದೂ ಕೊಡುತ್ತಿದ್ದರು ಎಂದ ಮೇಲೆ ಅದಕ್ಕೆ ಕಾರಣವಿರಲೇಬೇಕು. ಪುಸ್ತಕ ಓದಿ ಯುದ್ಧಭೂಮಿಯನ್ನು ಅಳೆಯಬೇಡಿ ತಾಯಿ.

ಮಿಷಿಗನ್ ಕನ್ನಡಿಗ:
ವಾರ್ಡ್ ಬೇಕೇ ಎಂಬುದೇ ಮೊದಲ ಪ್ರಶ್ನೆ. ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್ ಹಾವಳಿ ಎಷ್ಟಿತ್ತೆಂದರೆ 1971ರ ಜೂನ್‌ನಿಂದ ಅಮೆರಿಕದ ಸೈನಿಕರ ಮೂತ್ರ ಪರೀಕ್ಷೆ ಮಾಡಿಯೇ ತಾಯ್ನಾಡಿಗೆ ಕಳುಹಿಸುತ್ತಿದ್ದರು. ಲೀ ರಾಬಿನ್ಸ್ ಎಂಬ ಸಂಶೋಧಕಿ ಅವರನ್ನು ಹಿಂಬಾಲಿಸಿ ಅಧ್ಯಯನ ಮಾಡಿದರು. ಅಲ್ಲಿ ವ್ಯಸನಿಗಳಾಗಿದ್ದವರಲ್ಲಿ ಮನೆಗೆ ಮರಳಿದ ಮೊದಲ ವರ್ಷ ಮತ್ತೆ ವ್ಯಸನಕ್ಕೆ ಬಿದ್ದವರು ನೂರಕ್ಕೆ ಐದು ಮಾತ್ರ. ಹೆಚ್ಚಿನವರಿಗೆ ಚಿಕಿತ್ಸೆಯೇ ಆಗಿರಲಿಲ್ಲ. ಪರಿಸರ ಬದಲಾದರೆ ಚಟ ಹೋಗುತ್ತದೆ.

ಕಾಫಿತೋಟ:
ನಮ್ಮವರ ಪರಿಸರ ಬದಲಾಗುವುದು ತಿರುವುಮುರುವಾಗಿ. ಮೂವತ್ತೈದು ನಲವತ್ತಕ್ಕೆ ಮನೆಗೆ ಬರುತ್ತಾರೆ. ರೋಲ್‌ಕಾಲ್ ಇಲ್ಲ, ಬೆಳಗಿನ ಓಟವಿಲ್ಲ, ಹೇಳುವ ಅಧಿಕಾರಿ ಇಲ್ಲ. ಕೈಯಲ್ಲಿ ಪಿಂಚಣಿ, ಬೀರುವಿನಲ್ಲಿ ಬಾಟಲಿ. ಹತೋಟಿಯಲ್ಲಿದ್ದ ಕುಡಿತ ಕೈ ಮೀರುವುದು ಮನೆಗೆ ಬಂದ ಮೇಲೆಯೇ. ಸೇವೆಯಲ್ಲಿದ್ದಾಗ ಹೇಳಿಕೊಂಡರೆ ಲೋ ಮೆಡಿಕಲ್ ಕೆಟಗರಿ, ಅಂದರೆ ಆರೋಗ್ಯದಲ್ಲಿ ಕೆಳದರ್ಜೆ ಎಂಬ ದಾಖಲೆ, ಬಡ್ತಿಗೆ ಪೆಟ್ಟು. ಆ ಭಯದಿಂದ ಮುಚ್ಚಿಟ್ಟುಕೊಂಡೇ ಬಂದಿರುತ್ತಾರೆ.

ಪಾನಮುಕ್ತ:
"ಬೀರುವಿನಲ್ಲಿ ಬಾಟಲಿ" ಎಂದು ತಾವೇ ಒಪ್ಪಿದಿರಿ. ಆ ಬಾಟಲಿ ಎಲ್ಲಿಂದ ಬಂತು? ಕ್ಯಾಂಟೀನಿನಿಂದ.

ನಿವೃತ್ತ ಸುಬೇದಾರ್:
ಊರಿನಲ್ಲಿ ಸಂಜೆ ವೈನ್ ಶಾಪ್ ಮುಂದೆ ನಿಂತು ನೋಡಿ. ಅಲ್ಲಿರುವವರಲ್ಲಿ ಎಷ್ಟು ಜನರ ಬಳಿ ಕ್ಯಾಂಟೀನ್ ಕಾರ್ಡ್ ಇದೆ? ಇನ್ನೊಮ್ಮೆ ಕ್ಯಾಂಟೀನ್ ಎಂದರೆ ನಾನು ನಿಮಗೆ ಉತ್ತರಿಸುವುದಿಲ್ಲ.

ಶುಶ್ರೂಷಕಿ, ಧಾರವಾಡ:
ಮಿಷಿಗನ್‌ನವರೇ, ಹೆರಾಯಿನ್ ಬಿಟ್ಟವನು ನರಳುತ್ತಾನೆ. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಪ್ರಾಣವೇ ಹೋಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ಮೂರನೆಯ ದಿನ ಮೈ ನಡುಗಿ, ಇಲ್ಲದ್ದು ಕಂಡು, ಇದ್ದವರ ಗುರುತು ತಪ್ಪುತ್ತದೆ. ಆಗ ನಡುಕ, ಫಿಟ್ಸ್ ತಡೆಯುವ ಲೊರಾಜೆಪಾಮ್ ಬೇಕು, ಗ್ಲೂಕೋಸ್ ಏರಿಸುವ ಮೊದಲೇ ಥಯಾಮಿನ್ ಎಂಬ ಬಿ1 ವಿಟಮಿನ್ ಕೊಡಬೇಕು. ಅಂಥ ರಾತ್ರಿಗಳಲ್ಲಿ ನಾನು ಪಾಳಿ ಮಾಡಿದ್ದೇನೆ. ಮನೆಯ ಕೋಣೆಯಲ್ಲಿ ಕೂಡಿಹಾಕಿ ಬಿಡಿಸುತ್ತೇವೆ ಎನ್ನುವವರನ್ನು ಕೈಮುಗಿದು ಬೇಡುತ್ತೇನೆ, ಹಾಗೆ ಮಾಡಬೇಡಿ.

ಮಿಷಿಗನ್ ಕನ್ನಡಿಗ:
ಪ್ರಾಣ ಹೋಗಬಹುದು ಎಂದು ಹೆದರಿಸಿ ಎಲ್ಲರನ್ನೂ ಆಸ್ಪತ್ರೆಗೆ ಸೇರಿಸುವುದು ಸರಿಯಲ್ಲ. ನಾನು ಪ್ರಕಟವಾದ ಅಧ್ಯಯನ ಕೊಟ್ಟೆ, ನೀವು ವಾರ್ಡಿನ ಅನುಭವ ಹೇಳುತ್ತಿದ್ದೀರಿ.

ಹಾಸನದ ಅಕ್ಕ:
ನಮ್ಮವರಿಗೆ ತಿಳಿಯದಂತೆ ಸಾರಿನಲ್ಲಿ ಮಾತ್ರೆ ಹಾಕಿ ಬಿಡಿಸಿದೆವು. ಇಷ್ಟೆಲ್ಲ ವಾದ ಯಾಕೆ?

ಶುಶ್ರೂಷಕಿ, ಧಾರವಾಡ:
ಅಕ್ಕ, ದಯವಿಟ್ಟು ಇದನ್ನು ಯಾರಿಗೂ ಹೇಳಿಕೊಡಬೇಡಿ. ಅದು ಕುಡಿದರೆ ಮೈಗಾಗದಂತೆ ಮಾಡುವ ಡೈಸಲ್ಫಿರಾಮ್ ಆಗಿದ್ದರೆ, ಮಾತ್ರೆ ಹೊಟ್ಟೆಯಲ್ಲಿರುವುದು ಗೊತ್ತಿಲ್ಲದೆ ಕುಡಿದವರ ರಕ್ತದೊತ್ತಡ ಕುಸಿದು ಹೃದಯಕ್ಕೆ ಅಪಾಯವಾಗಬಹುದು. ಅದನ್ನು ಒಪ್ಪಿಗೆ ಪಡೆದು, ಲಿವರ್ ಪರೀಕ್ಷೆ ಮಾಡಿ ಕೊಡಬೇಕು.

ಬೆಳಗಾವಿ ವಕೀಲ:
ಮೂಲ ತೊಡಕನ್ನು ಯಾರೂ ಮುಟ್ಟಿಲ್ಲ. ಸೈನಿಕರ ಅಂಗವೈಕಲ್ಯ ಪಿಂಚಣಿಗೆ ಸಂಬಂಧಿಸಿದ 1982ರ ಅರ್ಹತಾ ನಿಯಮಗಳಲ್ಲಿ, ಅತಿಯಾದ ಮದ್ಯಸೇವನೆಯಿಂದ ಬಂದ ವೈಕಲ್ಯಕ್ಕೆ ಪರಿಹಾರವಿಲ್ಲ, ಅದು ಸೈನಿಕನ ಸ್ವಂತ ಹತೋಟಿಯಲ್ಲಿರುವ ವಿಷಯ ಎಂದಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಒಬ್ಬನೇ ಮನುಷ್ಯ ಪಿಂಚಣಿಯ ಕಡತದಲ್ಲಿ ತಪ್ಪಿತಸ್ಥ, ಆಸ್ಪತ್ರೆಯ ಕಡತದಲ್ಲಿ ರೋಗಿ.

ನಿವೃತ್ತ ಸುಬೇದಾರ್:
"ಸ್ವಂತ ಹತೋಟಿ" ಎಂಬ ಮಾತು ಸರಿಯಾಗಿಯೇ ಇದೆ. ಅದೇ ಬಂಕರಿನಲ್ಲಿದ್ದ ಉಳಿದವರು ಕುಡುಕರಾಗಲಿಲ್ಲ. ಕುಡಿದವನಿಗೆ ಪಿಂಚಣಿ ಹೆಚ್ಚಿಸಿದರೆ, ಕಾಲು ಕಳೆದುಕೊಂಡವನಿಗೆ ಏನು ಹೇಳುತ್ತೀರಿ?

ಕಾಫಿತೋಟ:
ಪಿಂಚಣಿ ಹೆಚ್ಚಿಸಿ ಎಂದು ಇಲ್ಲಿ ಯಾರು ಕೇಳಿದರು? ಅದೇ ಬಂಕರಿನಲ್ಲಿದ್ದ ಎಲ್ಲರಿಗೂ ಸಕ್ಕರೆ ಕಾಯಿಲೆಯೂ ಬರಲಿಲ್ಲ ಸರ್. ಬಂದವರಿಗೆ ಮಾತ್ರೆ ಕೊಡುತ್ತೀರಲ್ಲವೇ? ನಮ್ಮ ಮಾವನವರು ತೀರಿಹೋಗಿದ್ದು ಲಿವರ್ ಕೆಟ್ಟು. ಲಿವರ್‌ಗೆ ರೆಫರಲ್ ಸಿಕ್ಕಿತು, ಅದನ್ನು ಕೆಡಿಸಿದ ಕುಡಿತಕ್ಕೆ ಸಿಗಲಿಲ್ಲ.

ಬಾಗಲಕೋಟೆಯವನು:
ನೀವೆಲ್ಲ ಇ.ಸಿ.ಎಚ್.ಎಸ್. ಕಾರ್ಡ್ ಇದ್ದವರ ಬಗ್ಗೆ ಮಾತನಾಡುತ್ತಿದ್ದೀರಿ. 2022ರಲ್ಲಿ ಅಲ್ಪಾವಧಿ ಸೇನಾ ಭರ್ತಿಯ ಅಗ್ನಿಪಥ ಯೋಜನೆ ಬಂತು. ನಾಲ್ಕು ವರ್ಷ ಮುಗಿಸಿ ಹೊರಬರುವ ಹುಡುಗರಿಗೆ ಇ.ಸಿ.ಎಚ್.ಎಸ್. ಇಲ್ಲ. ಅವರ ಮಾತೇ ಇಲ್ಲವೇ?

ಪಾನಮುಕ್ತ:
ಅವರಿಗೆ ಕ್ಯಾಂಟೀನೂ ಇಲ್ಲ. ಅಷ್ಟರಮಟ್ಟಿಗೆ ಒಳ್ಳೆಯದೇ ಆಯಿತು.

ನಿವೃತ್ತ ಸುಬೇದಾರ್:
ದೇಶ ಕಾಯ್ದು ಬರುವ ಮಕ್ಕಳಿಗೆ ಒಂದು ಸೌಲಭ್ಯ ತಪ್ಪಿದರೆ ನಿಮಗೆ ಒಳ್ಳೆಯದು! ನಿಮ್ಮ ಮನೆಯಿಂದ ಒಬ್ಬರನ್ನಾದರೂ ಭರ್ತಿಗೆ ಕಳುಹಿಸಿದ್ದೀರಾ?

ಪಾನಮುಕ್ತ:
ನನ್ನ ತಮ್ಮ ಸೇನೆಯಲ್ಲಿದ್ದ. ಕುಡಿತದಿಂದಲೇ ಹೋದ. ಅದಕ್ಕೇ ಈ ಮಾತು ಬಿಡುವುದಿಲ್ಲ.

ಶುಶ್ರೂಷಕಿ, ಧಾರವಾಡ:
ಇಂಥ ಮನೆಯವರು ಇದನ್ನು ಓದುತ್ತಿದ್ದರೆ: ವ್ಯಸನಕ್ಕೆಂದೇ ರಾಷ್ಟ್ರೀಯ ಸಹಾಯವಾಣಿ 14446 ಇದೆ, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ.

ಬೆಳಗಾವಿ ವಕೀಲ:
2017ರ ಕಾಯ್ದೆಯ 18ನೇ ಕಲಂ ಓದಿಕೊಳ್ಳಿ. ಸರ್ಕಾರ ಒದಗಿಸಬೇಕಾದ ಕನಿಷ್ಠ ಮಾನಸಿಕ ಆರೋಗ್ಯ ಸೇವೆ ಜಿಲ್ಲೆಯಲ್ಲಿ ಇಲ್ಲದಿದ್ದರೆ, ಆ ಜಿಲ್ಲೆಯ ಬೇರೆ ಆಸ್ಪತ್ರೆಯಲ್ಲಿ ಪಡೆದ ಚಿಕಿತ್ಸೆಯ ವೆಚ್ಚವನ್ನು ಸರ್ಕಾರವೇ ಭರಿಸಬೇಕು. ಕುಡಿತವೆಂಬ ಕಾರಣಕ್ಕೆ ರೆಫರಲ್ ನಿರಾಕರಿಸಿದ್ದರೆ ಅದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಬಾಯಿಮಾತಿನ ನಿರಾಕರಣೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ನಿವೃತ್ತ ಸುಬೇದಾರ್:
ವಕೀಲರೇ, ಆ ಕಲಮಿನ ಕನ್ನಡ ಪಾಠ ಇದ್ದರೆ ಇಲ್ಲಿ ಹಾಕಿ. ನಮ್ಮ ಮಾಜಿ ಸೈನಿಕರ ಸಂಘದ ಸಭೆಯಲ್ಲಿ ಓದಬೇಕು. ಕೋಟಾ ವಿಷಯದಲ್ಲಿ ನಾನು ಹೇಳಿದ್ದರಲ್ಲಿ ಒಂದಕ್ಷರವೂ ಬದಲಿಲ್ಲ.

ಪಾನಮುಕ್ತ:
ಅದೇ ಸಭೆಯಲ್ಲಿ ಕೋಟಾ ವಿಷಯವನ್ನೂ ಮತಕ್ಕೆ ಹಾಕಿ. ಮನೆಯ ಹೆಂಗಸರಿಗೂ ಮತವಿರಲಿ.